ಚಹಾ ಬರುವ ಮೊದಲೇ ಹೊರಟ ನಗರಸೇವಕರಿಗೆ

ನಮ್ಮ ವಾರ್ಡಿನ ನಗರಸೇವಕರೂ, ಮೈಕು ಇರುವಲ್ಲಿ ಮಾತಿಗೆ ಬರಗಾಲ ಬಾರದಂತೆ ನೋಡಿಕೊಳ್ಳುವವರೂ ಆದ ಮಾನ್ಯರೇ,

ಪುಣೆಯ ಧನಕವಡಿಯಲ್ಲಿರುವ ನಮ್ಮ ಕನ್ನಡಿಗರ ಗಲ್ಲಿಯ ಸಮಸ್ತರ ಪರವಾಗಿ ಶಿವಕಾಂತಾ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಕನ್ನಡ ತಮ್ಮ ರಕ್ತದಲ್ಲೇ ಹರಿಯುತ್ತಿದೆಯೆಂದು ಕಳೆದ ಭಾನುವಾರದ ಸಭೆಯಲ್ಲಿ ತಾವೇ ಮರಾಠಿಯಲ್ಲಿ ಘೋಷಿಸಿದ್ದರಿಂದ, ಈ ಪತ್ರವನ್ನು ಧೈರ್ಯವಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ಸಭೆಯನ್ನು ನಾವು ಕರೆದದ್ದು ಒಂದು ಗುಂಡಿಯ ಸಲುವಾಗಿ ಎಂಬುದು ತಮಗೆ ನೆನಪಿರಲಾರದು. ಚರಂಡಿ ಪೈಪಿಗೆಂದು ಮಳೆಗಾಲಕ್ಕೆ ಮುಂಚೆ ಅಗೆದ ಆ ಗುಂಡಿ, ನಮ್ಮ ಪಕ್ಕದ ಮನೆಯ ಪಾರವ್ವನ ರೊಟ್ಟಿ ಅಂಗಡಿಯ ಬಾಗಿಲಲ್ಲೇ ಬಾಯಿ ತೆರೆದು ಕೂತಿದೆ. ಅಲುಗಾಡುವ ಹಲಗೆಯೊಂದನ್ನು ದಾಟಿ ರೊಟ್ಟಿ ಒಯ್ಯುವಷ್ಟು ಹಸಿವು ಯಾರಿಗೂ ಇಲ್ಲದ್ದರಿಂದ, ಕಾಲೇಜು ಹುಡುಗರಿಂದ ಹಿಡಿದು ವಯಸ್ಸಾದವರತನಕ ಎಲ್ಲ ಗಿರಾಕಿಗಳೂ ಬೇರೆ ದಾರಿ ಹಿಡಿದಿದ್ದಾರೆ. ಸಂಕ್ರಾಂತಿಯೊಳಗೆ ಗುಂಡಿ ಮುಚ್ಚದಿದ್ದರೆ ತಾನು ಅಂಗಡಿ ಮುಚ್ಚುವುದೇ ಸೈ ಎಂದು ಆಕೆ ತೀರ್ಮಾನಿಸಿದ್ದಾಳೆ.

ತಾವು ಬಂದಿರಿ, ಹಾರ ಹಾಕಿಸಿಕೊಂಡಿರಿ, ಅಂಗೈ ಮೇಲೆ ಬರೆದುಕೊಂಡಿದ್ದನ್ನು ಓರೆಗಣ್ಣಿನಲ್ಲಿ ನೋಡಿ "ಎಲ್ಲಾರೂ ಆರಾಮ ಅದೀರಿ?" ಎಂದಿರಿ. ಪುಣೆಯಲ್ಲಿ, ಅದೂ ಮೈಕಿನಲ್ಲಿ, ನಮ್ಮ ಮಾತು ಕೇಳಿದ ಖುಷಿಗೆ ಇಡೀ ಪೆಂಡಾಲು "ಆರಾಮ ಅದೀವ್ರಿ!" ಎಂದು ಕೂಗಿತು. "ಏನೂ ತ್ರಾಸ ಇಲ್ಲಲ್ಲ?" ಎಂದಿರಿ. "ಏನಿಲ್ರಿ!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಪಾರವ್ವನೇ. ತಕ್ಷಣ ತಾವು ಮರಾಠಿಗೆ ಹೊರಳಿ, ಈ ತಾಯಂದಿರೇ ನನ್ನ ಕೆಲಸಕ್ಕೆ ಸಾಕ್ಷಿ ಎಂದು ಸಾರಿ, ಗುಂಡಿಗೆ 'ವಿಕಾಸದ ಬುನಾದಿ' ಎಂದೂ ಪಾರವ್ವನಿಗೆ 'ಅನ್ನಪೂರ್ಣೆ' ಎಂದೂ ನಾಮಕರಣ ಮಾಡಿ, ಚಪ್ಪಾಳೆ ನಿಲ್ಲುವ ಮೊದಲೇ ಕಾರು ಹತ್ತಿದಿರಿ. ಹೆಸರಿಟ್ಟ ಮೇಲೆ ಗುಂಡಿ ಇನ್ನಷ್ಟು ಗಂಭೀರವಾಗಿ ಕಾಣುತ್ತಿದೆ.

ಮರುದಿನ ತಮ್ಮ ಕಚೇರಿಗೆ ಹೋದೆವು. ತಮ್ಮ ಕಾರ್ಯಕರ್ತರಾದ ಮಹೇಶಕುಮಾರ ಅವರು ಬಹಳ ವಿನಯದಿಂದ ಮೊಬೈಲಿನಲ್ಲಿ ಸಭೆಯ ವಿಡಿಯೋ ತೋರಿಸಿ, ಏನೂ ತೊಂದರೆಯಿಲ್ಲವೆಂದು ಇವರೇ ಹೇಳಿದ್ದಾರಲ್ಲ ಎಂದರು. ತನ್ನದೇ ನಗುಮುಖ ನೋಡಿ ಪಾರವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಹೊರಗೆ ಬಂದಮೇಲೆ, "ಆರಾಮ ಅದೀರಿ ಅಂತ ಕೇಳಿದವ್ರಿಗೆ ಮತ್ತೇನ ಅನ್ನಬೇಕಿತ್ರಿ ಅಕ್ಕಾರ?" ಎಂದಳು.

ಮಾನ್ಯರೇ, ನಮ್ಮ ಕಡೆಯ ಪದ್ಧತಿಯನ್ನು ತಮಗೆ ಅರ್ಧ ಮಾತ್ರ ಕಲಿಸಿದ್ದಾರೆ. ಜ್ವರ ಬಂದು ಕಂಬಳಿ ಹೊದ್ದು ಮಲಗಿದವರೂ, ಮನೆಗೆ ಬಂದವರು ಕೇಳಿದರೆ ಮೊದಲು ಆರಾಮವೆಂದೇ ಅನ್ನುತ್ತಾರೆ. ಬಂದವರು ಕೂತು, ನೀರು ಕುಡಿದು, ಚಹಾ ಬಂದ ಮೇಲಷ್ಟೇ ಜ್ವರದ ಸಮಾಚಾರ ಹೊರಬೀಳುತ್ತದೆ. ತಾವು ಚಹಾದವರೆಗೆ ಕೂರಲಿಲ್ಲ. ನಮ್ಮ ಮರ್ಯಾದೆಯನ್ನೇ ನಮ್ಮ ಒಪ್ಪಿಗೆ ಮಾಡಿಕೊಂಡು ಹೋದಿರಿ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಮಾತು ಬಲ್ಲವನಿಗೆ ಗುಂಡಿಯೂ ಇಲ್ಲವೆಂಬುದನ್ನು ತಮ್ಮಿಂದ ಕಲಿತೆವು.

ಆದಕಾರಣ ಸಣ್ಣ ಬಿನ್ನಹ. ತಮ್ಮ ಭಾಷಣದ ಒಂದು ಉದ್ದನೆಯ ವಾಕ್ಯವನ್ನು, ಕೊನೆ ಮುಟ್ಟಿದ್ದು ಯಾವುದಾದರೂ ಇದ್ದರೆ, ಗುಂಡಿಯ ಮೇಲೆ ಆ ತುದಿಯಿಂದ ಈ ತುದಿಗೆ ಹಾಸಿಕೊಡಬೇಕು. ಅದು ಗಿರಾಕಿಗಳ ಭಾರ ತಡೆಯದಿದ್ದರೆ ಕಳೆದ ಸಲದ ಆಶ್ವಾಸನೆಗಳನ್ನು ತುಂಬಿಸಿದರೂ ಆದೀತು, ಅವು ಯಥೇಚ್ಛವಾಗಿವೆ. ಎರಡೂ ಆಗದಿದ್ದರೆ, ನಾಚಿಕೆಪಟ್ಟುಕೊಂಡು ಹೇಳುತ್ತೇನೆ, ಮಣ್ಣಾದರೂ ನಡೆಯುತ್ತದೆ.

ಚಹಾಕ್ಕೆ ನೀರಿಟ್ಟು ಕಾಯುತ್ತಿರುವ
ತಮ್ಮ ವಿಶ್ವಾಸಿ,
ಶಿವಕಾಂತಾ

ತಾ.ಕ.: ಮುಂದಿನ ವಾರ ಮತ ಕೇಳಲು ಮನೆಮನೆಗೆ ಬರುತ್ತೀರೆಂದು ತಿಳಿದು ಸಂತೋಷವಾಯಿತು. ರಸ್ತೆಯಲ್ಲೇ ನಿಂತು ಆರಾಮವೇ ಎಂದು ಕೇಳಿದರೆ ಪಾರವ್ವ ಇನ್ನು ಉತ್ತರ ಕೊಡುವುದಿಲ್ಲ. "ಒಳಗ ಬರ್ರಿ, ಚಾ ಕುಡದ ಹೋಗ್ರಿ" ಎಂದಷ್ಟೇ ಅನ್ನುತ್ತಾಳೆ. ಅಂಗಡಿಯೊಳಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿಟ್ಟಿರುತ್ತೇವೆ. ಹಲಗೆಯನ್ನು ಮಾತ್ರ ಅಂದು ಎತ್ತಿಡುತ್ತೇವೆ. ತಾವೇ ಹಾಕಿದ ವಿಕಾಸದ ಬುನಾದಿಯ ಮೇಲೆ ತಮ್ಮನ್ನು ಹಲಗೆಯಲ್ಲಿ ನಡೆಸುವುದು ಮರ್ಯಾದೆಯಲ್ಲ. ವಿಡಿಯೋ ಮಾಡಲು ಮಹೇಶಕುಮಾರರನ್ನು ತಪ್ಪದೆ ಕರೆದುಕೊಂಡು ಬನ್ನಿ.