ಕಾಕಾನ ಕೈಗೆ ಸಿಗದ ಬಲೂನು

ಜಗತ್ತಿನ್ಯಾಗ ಸತ್ತವರ ತಲಿ ಮ್ಯಾಲ ಬಲೂನು ಹಾರಿಸಿದ ಏಕೈಕ ಕಲಾವಿದ ಅಂದ್ರ ನಮ್ಮ ಕಾಕಾ! ನಗಬ್ಯಾಡ್ರಿ. ಆ ಸತ್ತವರು ನಮ್ಮಪ್ಪ, ಅಂದ್ರ ಅವನ ಖಾಸ ಅಣ್ಣ.

ಸವಣೂರಾಗ ಕಾಕಾಂದು ಬ್ಯಾನರ್ ಅಂಗಡಿ. ಹುಟ್ಟುಹಬ್ಬ, ಲಗ್ನ, ಶ್ರದ್ಧಾಂಜಲಿ, ಎಲ್ಲಾಕ್ಕೂ ಕಂಪ್ಯೂಟರಿನ್ಯಾಗ ಒಂದ ಫೈಲು! ಹಳೇದನ್ನ ಅಳಸಾಂವಲ್ಲ, ಮುಚ್ಚಿಟ್ಟು ಹೊಸಾದು ಕೂಡಸಾಂವ. ಹೂವು, ರಿಬ್ಬನ್ನು, ಹುಲಿ ಮುಖ, ಒಂದರ ಮ್ಯಾಲ ಒಂದು ಲೇಯರು. ಯಾವುದಕ್ಕೂ ಹೆಸರಿಲ್ಲ. ರಿಬ್ಬನ್ನಿನ ಮ್ಯಾಲ ಕ್ಲಿಕ್ ಮಾಡಿದ್ರ ಬ್ಯಾರೇನೋ ಸಿಗತೈತಿ, ಹೂವಿನ ಮ್ಯಾಲ ಮಾಡಿದ್ರೂ ಅದ ಸಿಗತೈತಿ! ಗಿರಾಕಿ ಕಾಯಕೋತ ಕುಂತಿರ್ತಾನ, ಈ ಮನಶಾ ಪರದೆಗೆ ಹೇಳಾಕತ್ತಿರ್ತಾನ: "ಸರೀ ಸ್ವಲ್ಪ. ಸರೀ ಅತ್ಲಾಗ."

"ಯಾರ ಜೋಡಿ ಮಾತಾಡ್ತೀರಿ ಕಾಕಾ?"

"ನಿನಗ್ಯಾಕ ಅದು?"

ಶಿಗ್ಗಾವಿಯ ಒಂದು ಲಗ್ನದ ಬ್ಯಾನರು, ಮದುಮಗಳು ಗಂಡನ ಮನಿ ಸೇರಿದ ಮ್ಯಾಲ ಮುಟ್ಟಿತು! ಬೀಗರು ಬಾಯಿಗೆ ಬಂದಂಗ ಬೈದು ಹೋದ್ರು.

ಅಪ್ಪ ಹೋದಾಗ ತಡಸದಾಗ ನಮ್ಮ ಮನಿ ಮುಂದ ಕಾಕಾನ ಬ್ಯಾನರು ನಿಂತಿತು. ಅಪ್ಪನ ಫೋಟೋ, ತಲಿ ಮ್ಯಾಲ ಯಾರದೋ ಹುಟ್ಟುಹಬ್ಬದ ಆರು ಬಲೂನು. ಮಣ್ಣಿಗೆ ಬಂದವರು ಬಾಯಿಗೆ ಟವೆಲ್ ಹಿಡಕೊಂಡ್ರು, ಅಳಾಕೋ ನಗಾಕೋ ದೇವರಿಗೇ ಗೊತ್ತು!

"ತಗ್ಯಾಕ ನೋಡಿದೆ, ಸಿಗಲಿಲ್ಲ ತಂಗಿ," ಅಂದ ಕಾಕಾ. ಅಷ್ಟ! ಹನ್ನೊಂದು ತಿಂಗಳು ನಾ ಅವನ ಜೋಡಿ ಮಾತಾಡಲಿಲ್ಲ.

ವರ್ಷದ ಕಾರ್ಯಕ್ಕ ಬ್ಯಾನರು ನಾನ ಮಾಡ್ತೇನಿ ಅಂತ ಹೋಗಿ ಅವನ ಕುರ್ಚಿ ಮ್ಯಾಲ ಕುಂತೆ, ಕಾಕಾ ಬಾಜು ನಿಂತ. ಒತ್ತಿದ್ದು ಯಾಕ ಸಿಗೂದಿಲ್ಲ ಅಂತ ಹುಡುಕಿದೆ. ಎಲ್ಲಾ ಲೇಯರಿನ ಮ್ಯಾಲ, ಬಣ್ಣಿಲ್ಲದ, ಕಣ್ಣಿಗೆ ಕಾಣದ, ಬ್ಯಾನರಿನಷ್ಟ ಅಗಲದ ಒಂದು ವೀಳ್ಯದೆಲಿ ಆಕಾರ! ಎಲ್ಲಿ ಒತ್ತಿದ್ರೂ ಸಿಗೂದು ಅದ. ಹೊಸಾದು ಎಷ್ಟ ಕೂಡಿಸಿದ್ರೂ ಕಾಕಾ ಅದನ್ನ ಮತ್ತ ಮ್ಯಾಲಕ್ಕ ತಂದಿಡ್ತಾನಂತ.

"ಇದನ್ನ ಅಳಸ್ತೇನಿ."

"ಏ, ಬ್ಯಾಡ! ನಿಮ್ಮ ಕಾಕು ತಗದದ್ದದು."

ತೀರಿಕೊಳ್ಳೂ ಮುಂಚೆ ಕಾಕು, ಅಂದ್ರ ಕಾಕಾನ ಹೆಂಡತಿ, ಅವನ ಬಾಜು ಕುಂತು, ಮೌಸ್ ಹಿಡಿಯಾಕ ಕಲಿತು, ತಗದ ಒಂದ ಒಂದು ಚಿತ್ರ. ಬಣ್ಣ ತುಂಬೂ ಮೊದಲ ದವಾಖಾನಿಗೆ ಹೋದಳು. ಹೊಳ್ಳಿ ಬರಲಿಲ್ಲ.

"ಹಂಗಾರ ಲಾಕ್ ಮಾಡ್ತೇನಿ ಕಾಕಾ. ಇದ್ದಲ್ಲೇ ಇರತೈತಿ, ಕ್ಲಿಕ್ ಮಾಡಿದ್ರ ಸಿಗೂದಿಲ್ಲ ಅಷ್ಟ."

ಕಾಕಾ ಬಾಗಿಲ ಕಡೆ ಮಾರಿ ಹೊಳ್ಳಿಸಿದ. "ಸಿಗಲಿಲ್ಲಂದ್ರ, ಇದ್ದು ಏನು ಮಾಡೂದೈತಿ ತಂಗಿ?"

ನನ್ನ ಸಿಟ್ಟು ಪೂರಾ ಹೋಗಲಿಲ್ಲ, ಸುಳ್ಳ್ಯಾಕ ಹೇಳ್ಲಿ? ಆದ್ರ ಲಾಕ್ ಮಾಡಲಿಲ್ಲ. ಅಪ್ಪನ ಫೋಟೋ ಮ್ಯಾಲ ಒತ್ತಿದೆ. ಎಲಿ ಸಿಕ್ಕಿತು.

"ಕಾಕು," ಅಂದೆ, "ಸ್ವಲ್ಪ ಸರೀರಿ. ಅಪ್ಪ ಬರಾಕತ್ತಾನ."