ನಾನು ಹೋಗದ ಊರಿಗೆ ನನ್ನ ದನಿ

ನನ್ನ ಕೆಲಸ ಏನೂಂತ ಯಾರಿಗಾದರೂ ವಿವರಿಸೋಕೆ ಹೊರಟರೆ ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ವಿವರಿಸದೆ ಬಾಯಿ ಮುಚ್ಚಿಕೊಂಡಿದ್ದರೆ ಅದಕ್ಕಿಂತ ದೊಡ್ಡದು ಆಗುತ್ತದೆ.

ಕೆಲಸ ಇಷ್ಟೇ: ದನಿ ಕೊಡುವುದು. ಜಾಹೀರಾತಿಗೆ, ಫೋನಿನಲ್ಲಿ 'ಕನ್ನಡಕ್ಕಾಗಿ ಎರಡನ್ನು ಒತ್ತಿ' ಅನ್ನುವುದಕ್ಕೆ, ಮಕ್ಕಳ ಕಥೆಗೆ. ಯಾರ ಕೈಕೆಳಗೂ ಇಲ್ಲ, ಬಂದ ಕೆಲಸ ಮಾಡಿ ಕಳಿಸಿದರೆ ಆಯಿತು. ನನ್ನ ಗಂಡ ಸೋಮವಾರಪೇಟೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಅಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. 'ಗಂಡ ರೈಟರು, ಹೆಂಡತಿ ಸ್ಪೀಕರು' ಅಂತ ಆಳುಗಳಿರುವ ಲೈನ್ ಮನೆಗಳಲ್ಲಿ ನಮ್ಮ ಹೆಸರು.

ಮೊದಲು ನಾನು ಶಾಲೆಯಲ್ಲಿ ಟೀಚರಾಗಿದ್ದೆ. ಶಿರಂಗಾಲದಲ್ಲಿರುವ ನಮ್ಮಪ್ಪ, ಹಾಸನದ ಕಡೆಯಿಂದ ಬಂದು ನೆಲ ಹದ ಮಾಡಿದ ರೈತ, 'ಟೀಚರಮ್ಮನ ಅಪ್ಪ' ಅಂತ ಕರೆಸಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಎದೆ ಉಬ್ಬಿಸಿ ನಿಲ್ಲುತ್ತಿದ್ದರು. ನನಗೋ ಚಿಕ್ಕಂದಿನಿಂದ ರೇಡಿಯೋದ ಹೆಂಗಸಿನ ಹಾಗೆ ಮಾತಾಡುವ ಹುಚ್ಚು. ಒಂದು ದಿನ ಕೆಲಸ ಬಿಟ್ಟೆ. ಅಪ್ಪ ಕೇಳಿದ್ದು ಒಂದೇ ಮಾತು: "ಗಂಟಲು ಮಾರ್ಕಂಡು ಬದುಕದೂ ಒಂದು ಕೆಲಸವೇನವ್ವಾ?" ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ಊರಿಗೆಲ್ಲ ಕೇಳುವ ದನಿ ಮಾಡಿಕೊಂಡೆ, ಒಬ್ಬರಿಗೆ ಬಿಟ್ಟು.

ಬೀರು

ನನ್ನ ಸ್ಟುಡಿಯೋ ಅಂದರೆ ಗೋಡೆಬೀರು. ಒಳಗೆ ಕಂಬಳಿ, ರಜಾಯಿ, ಮದುವೆ ಸೀರೆಗಳು. ಅವುಗಳ ನಡುವೆ ಮುದುಡಿ ಕೂತು ಬಾಗಿಲು ಎಳೆದುಕೊಂಡರೆ ಹೊರಗಿನ ಸದ್ದು ಅಷ್ಟಾಗಿ ಒಳಗೆ ಬರುವುದಿಲ್ಲ. ಒಳಗಿನದು ಹೊರಗೆ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅವತ್ತು ವಿಮೆಯ ಜಾಹೀರಾತು. "ನಾಳೆ ನಾನೇ ಇಲ್ಲದಿದ್ದರೆ, ನನ್ನ ಮಕ್ಕಳ ಗತಿಯೇನು?" ಒಂದೇ ಸಾಲು. ಅದನ್ನು ದುಃಖದಲ್ಲಿ ಹೇಳಿ, ಸ್ವಲ್ಪ ಕಮ್ಮಿ ದುಃಖದಲ್ಲಿ ಹೇಳಿ, ಬಿಕ್ಕಿ ಹೇಳಿ ಅಂತ ಕಂಪನಿಯವರ ಅಪ್ಪಣೆ. ನಾನು ಎಲ್ಲಾ ನಮೂನೆಯಲ್ಲೂ ಹೇಳುತ್ತಾ ಕೂತಿದ್ದೆ.

ಪಕ್ಕದ ಮನೆಯ ಅಕ್ಕ ಹುಳಿಗೆ ಕರಿಬೇವು ಕೇಳಲು ಬಂದವರು ಕಿಟಕಿಯಲ್ಲಿ ಇದನ್ನು ಕೇಳಿದ್ದಾರೆ. ಕರಿಬೇವು ಮರೆತು ಕಾಫಿ ಕಣಕ್ಕೆ ಓಡಿದ್ದಾರೆ. ನಾನು ಬೆವರು ಒರೆಸುತ್ತಾ ಬೀರುವಿನಿಂದ ಇಳಿದಾಗ ಎದುರಿಗೆ ನನ್ನ ಗಂಡ, ಅವರ ಹಿಂದೆ ಕಾಫಿ ಹಣ್ಣು ಕೊಯ್ಯುವುದು ಬಿಟ್ಟು ಬಂದ ಹೆಂಗಸರು, ಒಬ್ಬಳ ಕೈಯಲ್ಲಿ ಚೊಂಬಿನ ತುಂಬ ನೀರು.

ನಾನು ವಿವರಿಸಿದೆ. ಗಂಡ ವಿವರಿಸಿದರು. ಅಕ್ಕ ಒಂದನ್ನೂ ನಂಬಲಿಲ್ಲ. ನನ್ನ ತಲೆ ನೇವರಿಸಿ ಮೆಲ್ಲಗೆ ಹೇಳಿದರು:

"ನೋಡಮ್ಮ, ಗಂಡನ ಜೊತೆ ಜಗಳ ಆದ್ರೆ ಹೆಂಗಸರು ತವರಿಗೆ ಹೋಗ್ತಾರೆ. ಬೀರುವಿಗೆ ಯಾಕೆ ಹೋಗ್ತೀ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ತವರಿಗೆ ಹೋಗುವುದು ಅಷ್ಟು ಸುಲಭವಾಗಿದ್ದರೆ ಅಂತ ಆಮೇಲೆ ಸೀರೆ ಮಡಚಿಡುವಾಗ ಅನ್ನಿಸಿತು.

ತಿತಿಮತಿಯ ಗೆಳತಿ

ನನ್ನ ದನಿಯಲ್ಲಿ ಕೆಮ್ಮು, ಕೋಳಿ ಕೂಗು, ಕುಕ್ಕರಿನ ವಿಶಲ್ ಸೇರಿಕೊಂಡರೆ ಅದನ್ನೆಲ್ಲ ಕತ್ತರಿಸಿ ಚೊಕ್ಕ ಮಾಡಿಕೊಡುವವಳು ತಿತಿಮತಿಯ ಒಬ್ಬ ಹುಡುಗಿ. ಅವಳೂ ನನ್ನ ಹಾಗೆ ಸ್ವಂತ ಕೆಲಸದವಳು. ನಾವಿಬ್ಬರೂ ಮುಖಾಮುಖಿ ಭೇಟಿಯಾದವರೇ ಅಲ್ಲ. 'ಮಳೆ ಬಿಟ್ಟ ಮೇಲೆ ಮಡಿಕೇರಿಯಲ್ಲಿ ಸಿಗೋಣ' ಅನ್ನುತ್ತೇವೆ, ಮಳೆ ಬಿಟ್ಟರೆ ಕೆಲಸ ಹಿಡಿದುಕೊಳ್ಳುತ್ತದೆ. ನನ್ನ ಉಸಿರು ಎಲ್ಲಿ ತಡೆಯುತ್ತದೆ ಅಂತ ಅವಳಿಗೆ ಗೊತ್ತು; ಅವಳು ಎಷ್ಟು ಎತ್ತರ ಅಂತ ನನಗೆ ಗೊತ್ತಿಲ್ಲ.

ಅವಳ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಹಿತ್ತಲಿನ ಕಟ್ಟೆಯ ಮೇಲೆ ಮಾತ್ರ. ಹಿತ್ತಲು ಮುಗಿದಲ್ಲಿ ಕಂದಕ, ಕಂದಕದಾಚೆ ಕಾಡು. ಒಂದು ಸಂಜೆ ಅಲ್ಲಿ ಕೂತು ಬೆಂಗಳೂರಿನ ಒಬ್ಬ ಸಾಹೇಬರ ಜೊತೆ ವಿಡಿಯೋ ಮೀಟಿಂಗು. ನಾನೂ ಅದರಲ್ಲಿದ್ದೆ. ಮಾತಿನ ನಡುವೆ ಅವಳ ಬೆನ್ನ ಹಿಂದೆ ಒಂದು ಆನೆ ಬಂದು ನಿಂತಿತು. ಕಿವಿ ಬೀಸಿತು.

ಸಾಹೇಬರು ಹೇಳಿದರು: "ಮೇಡಂ, ನಿಮ್ಮ ಬ್ಯಾಕ್‌ಗ್ರೌಂಡ್ ಚೆನ್ನಾಗಿದೆ. ಆದ್ರೆ ಅಲ್ಲಾಡ್ತಾ ಇರುತ್ತೆ, ಗಮನ ಹೋಗುತ್ತೆ. ಚೇಂಜ್ ಮಾಡಿಬಿಡಿ."

ಅವಳು ಹಿಂತಿರುಗದೆ, ತುಟಿ ಮಾತ್ರ ಅಲುಗಿಸಿ ಹೇಳಿದಳು: "ಅದು ತಾನಾಗಿ ಚೇಂಜ್ ಆದ್ರೆ ಸಾಕು ಅಂತ ನಾನೂ ಕಾಯ್ತಾ ಇದ್ದೀನಿ ಸರ್."

ಲಿಫ್ಟು

ಮೈಸೂರಿಗೆ ನಾದಿನಿಯ ಜೊತೆ ಸೀರೆ ಅಂಗಡಿಗೆ ಹೋಗಿದ್ದೆ. ಲಿಫ್ಟಿನೊಳಗೆ ಕಾಲಿಟ್ಟೆ. "ಬಾಗಿಲು ಮುಚ್ಚುತ್ತಿದೆ. ದಯವಿಟ್ಟು ದೂರ ನಿಲ್ಲಿ," ಅಂದಿತು ನನ್ನ ದನಿ!

ಯಾವತ್ತೋ ಬೀರುವಿನಲ್ಲಿ ಕೂತು ಹೇಳಿ ಕಳಿಸಿದ್ದು. ಎಲ್ಲಿಗೆ ಹೋಯಿತೋ ಅಂತ ತಿಳಿದಿರಲಿಲ್ಲ. ಕಳೆದುಹೋದ ಕರು ಪೇಟೆಯಲ್ಲಿ ಕಣ್ಣಿಗೆ ಬಿದ್ದ ಹಾಗಾಯಿತು. ಸೀರೆಯನ್ನು ನಾದಿನಿಗೆ ಬಿಟ್ಟು ನಾನು ಮೇಲೆ ಕೆಳಗೆ ಓಡಾಡುತ್ತಲೇ ಇದ್ದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿ, ಸ್ಟೂಲಿನ ಮೇಲೆ ಕೂತಿದ್ದ ಲಿಫ್ಟಿನವರಿಗೆ ಹೇಳಿದೆ:

"ಅಣ್ಣಾ, ಈ ದನಿ ನಂದೇ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಸಾಕ್ಷಿಗೆ, ಬಾಗಿಲು ಮುಚ್ಚುವಾಗ ಅದರ ಜೊತೆಗೇ ಹೇಳಿದೆ: "ದಯವಿಟ್ಟು ದೂರ ನಿಲ್ಲಿ." ಒಳಗಿದ್ದವರೆಲ್ಲ ನನ್ನಿಂದ ದೂರ ನಿಂತರು.

ಲಿಫ್ಟಿನವರು ಸಮಾಧಾನವಾಗಿ ಅಂದರು: "ಇರಲಿ ಬಿಡಮ್ಮ. ನಿನ್ನೆ ಒಬ್ರು ಬಂದು ಈ ಬಿಲ್ಡಿಂಗೇ ನಂದು ಅಂದ್ರು."

ಕೋಳಿಮರಿ

ಹೋದ ಬೇಸಿಗೆಯಲ್ಲಿ ಅಮ್ಮ ಫೋನ್ ಮಾಡಿದಳು. "ನಿಮ್ಮಪ್ಪಂಗೆ ಏನೋ ಆಗೈತೆ ಕಣವ್ವ. ಕೋಳಿಮರಿ ತರಿಸ್ತಾವ್ರೆ. ಒಂದು ಡಬ್ಬ ಬಂತು, ಸರಿ ಅಂದ್ಕಂಡೆ. ಆಮೇಲೆ ಇನ್ನೊಂದು. ಇವತ್ತು ಮತ್ತೆ ವ್ಯಾನ್ ಬಂದೈತೆ. ಮನೇಲಿ ಮನುಷ್ಯರು ಕಾಲಿಡಂಗಿಲ್ಲ. ಕೇಳಿದ್ರೆ ಮಾತಾಡಕಿಲ್ಲ. ಮಧ್ಯಾನ ಆಯ್ತು ಅಂದ್ರೆ ಫೋನ್ ತಗಂಡು ಹುಲ್ಲಿನ ಮೆದೆ ಹಿಂದಕ್ಕೆ ಹೋಗ್ತಾರೆ. ಹೂಂ ಹೂಂ ಅಂತಿರ್ತಾರೆ."

ಗಾಬರಿಯಿಂದ ಸಿಕ್ಕ ಬಸ್ಸು ಹತ್ತಿದೆ. ಮನೆಗೆ ಹೋದರೆ ಜಗಲಿ, ಕೊಟ್ಟಿಗೆ, ಅಪ್ಪನ ಮಂಚದ ಕೆಳಗೆ, ಎಲ್ಲಾ ಕಡೆ ಚಿಂವ್ ಚಿಂವ್. ಅಮ್ಮ ಹಿತ್ತಲ ಕಡೆಗೆ ಕೈ ತೋರಿಸಿದಳು.

ಸದ್ದಾಗದ ಹಾಗೆ ಮೆದೆಯ ಮಗ್ಗುಲಿಗೆ ಹೋದೆ. ಅಪ್ಪ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಫೋನಿನ ಸ್ಪೀಕರು ಆನ್ ಆಗಿದೆ. ಅದರಿಂದ ಬಂದದ್ದು ನನ್ನ ದನಿ. ಕೋಳಿಮರಿ ಮಾರುವ ಒಂದು ಫಾರಮ್ಮಿಗೆ ನಾನೇ ಓದಿಕೊಟ್ಟದ್ದು. ನಮ್ಮ ತಮ್ಮ ಒಮ್ಮೆ ಮರಿಗೆಂದು ಫೋನ್ ಮಾಡಿದಾಗ ಅಪ್ಪನ ಕಿವಿಗೆ ಬಿದ್ದಿರಬೇಕು.

"ನಮಸ್ಕಾರ. ಚೆನ್ನಾಗಿದ್ದೀರಾ?" ಅಂದಿತು ಫೋನು.

"ಹೂಂ, ಇವ್ನಿ ಕಣವ್ವ. ನೀನು?" ಅಂದರು ಅಪ್ಪ.

"ನೀವು ನಮಗೆ ತುಂಬಾ ಮುಖ್ಯ."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಮೆದೆಯ ಹುಲ್ಲು ಹಿಡಿದು ನಿಂತೆ. ಆ ಸಾಲು ಓದುವಾಗ ನನಗೆ ಯಾರ ಮುಖವೂ ನೆನಪಾಗಿರಲಿಲ್ಲ.

"ಮರಿಗಳು ಬೇಕಿದ್ದರೆ ಒಂದನ್ನು ಒತ್ತಿ."

ಅಪ್ಪನ ಹೆಬ್ಬೆರಳು ಎದ್ದಿತು. ನಾನು ತಡೆಯಲಾರದೆ ಕೂಗಿದೆ: "ಅಪ್ಪಾ, ಒತ್ತಬ್ಯಾಡಿ!"

ಅಪ್ಪ ಬೆಚ್ಚಿಬಿದ್ದು ಫೋನನ್ನೇ ನೋಡಿದರು. "ಇದೇನಿದು, ಇವತ್ತು ಹೊಸದಾಗಿ ಏನೋ ಹೇಳ್ತೈತೆ?"

ಆಮೇಲೆ ತಿರುಗಿದರು. ಬಹಳ ಕಾಲದ ಮೇಲೆ ನಾವು ಒಬ್ಬರನ್ನೊಬ್ಬರು ನೆಟ್ಟಗೆ ನೋಡಿದೆವು. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಮರಿ ಅವರ ಪಾದದ ಮೇಲೆ ಹತ್ತಿ ಕೂತಿತ್ತು.

"ಮರಿ ಬೇಡದಿದ್ರೆ ಯಾಕೆ ಒತ್ತಿದ್ರಿ ಅಪ್ಪಾ?"

"ಒತ್ತದಿದ್ರೆ ಕಟ್ಟಾಯ್ತದೆ. ಒತ್ತಿದ್ರೆ ಇನ್ನೊಂದೆಲ್ಡು ಮಾತಾಡ್ತೀಯ."

ನಾನು ಅವರ ಪಕ್ಕ ನೆಲದ ಮೇಲೆ ಕೂತೆ. ಬಿಕ್ಕಿ ಹೇಳುವುದನ್ನು ಕಂಪನಿಯವರಿಗೆ ಎಷ್ಟು ಚೆನ್ನಾಗಿ ಮಾಡಿಕೊಡುತ್ತೇನೆ. ಅಲ್ಲಿ ಒಂದು ಸಾಲೂ ಸರಿಯಾಗಿ ಹೊರಡಲಿಲ್ಲ. ಮೂಗು ಒರೆಸಿಕೊಂಡು, ಅವರ ಫೋನ್ ತೆಗೆದುಕೊಂಡು ನನ್ನ ನಂಬರು ಹಾಕಿಕೊಟ್ಟೆ. "ಇನ್ನು ಮೇಲೆ ನಂಗೇ ಮಾಡಿ ಅಪ್ಪಾ. ಎಷ್ಟೊತ್ತು ಬೇಕಾದ್ರೂ ಮಾತಾಡ್ತೀನಿ."

ಅಪ್ಪ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖದಲ್ಲಿ ಸಣ್ಣ ಅನುಮಾನ.

"ಮಾಡನ ಬುಡು," ಅಂದರು. "ಆದ್ರೆ ಆ ಫೋನ್ನೋಳೇ ವಾಸಿಯಾಗಿದ್ಲು. ನೀನು ತಿರುಗಿ ಮಾತಾಡ್ತೀಯಲ್ಲ!"