ನಗದೆ ನೋಡುವವರು ಬೇಕಾಗಿದ್ದಾರೆ

ನಾನು ಗಂಭೀರವಾಗಿ ಹಿಡಿದ ಕೆಲಸವೆಲ್ಲ ಕೊನೆಗೆ ನಾಲ್ಕು ಜನರ ನಗೆಗೇ ದಾರಿಯಾಗುತ್ತದೆ. ಮೊದಮೊದಲು ಇದಕ್ಕೆ ಗ್ರಹಚಾರ ಅನ್ನುತ್ತಿದ್ದೆ. ವಿಜ್ಞಾನದ ಮಾಸ್ತರ ಗ್ರಹಚಾರ ಅನ್ನಬಾರದೆಂದು ನಮ್ಮ ಹೆಡ್‌ಮಾಸ್ತರರು ಹೇಳಿದ ಮೇಲೆ ಸ್ವಭಾವ ಅನ್ನತೊಡಗಿದೆ. ಹೆಸರು ಬದಲಾಯಿತು, ನಗು ನಿಲ್ಲಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಕಲಿಸುತ್ತಿದ್ದದ್ದು ಕಮಲಾಪುರದ ಹೈಸ್ಕೂಲಿನಲ್ಲಿ, ಮನೆ ಇದ್ದದ್ದು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ. ವಾರದಲ್ಲಿ ಆರು ದಿನ ಬಸ್ಸಿನಲ್ಲಿ ನಿಂತು ಕಮಲಾಪುರಕ್ಕೆ ಹೋಗುತ್ತಿದ್ದೆ, ಏಳನೆಯ ದಿನ ಕುರ್ಚಿಯಲ್ಲಿ ಕೂತು ಅಂತರಿಕ್ಷಕ್ಕೆ ಹೋಗುತ್ತಿದ್ದೆ. ಐತವಾರ ಬೆಳಿಗ್ಗೆ ನಮ್ಮ ಕಪ್ಪು-ಬಿಳುಪು ಟಿವಿಯಲ್ಲಿ ಅರ್ಧ ಗಂಟೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ನಾಲ್ವರು ಗಗನಯಾತ್ರಿಗಳು, ಜೊತೆಗೊಬ್ಬ ಯಂತ್ರಮಾನವ. ಭೂಮಿಗೆ ಮರಳುವ ದಾರಿ ತಪ್ಪಿ ಗ್ರಹದಿಂದ ಗ್ರಹಕ್ಕೆ ಅಲೆಯುತ್ತಿದ್ದರು. ಅದನ್ನು ತೆಗೆದವರ ಹತ್ತಿರ ಕಥೆ ಇತ್ತು, ಕಲ್ಪನೆ ಇತ್ತು, ದುಡ್ಡೊಂದು ಇರಲಿಲ್ಲ. ಈ ಕೊನೆಯ ಸಂಗತಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಕಾಣುತ್ತಿತ್ತು.

ಖಾರ ರೊಟ್ಟಿ

ನಮ್ಮ ಮನೆಯ ಐತವಾರಕ್ಕೆ ನನಗಿಂತ ಮೊದಲಿನ ಹಕ್ಕುದಾರ ಒಬ್ಬನಿದ್ದ. ಅದು ಜೋಳ. ಬೆಳಿಗ್ಗೆ ಒಂಬತ್ತರೊಳಗೆ ಡಬ್ಬಿ ಹೊತ್ತು ಗಿರಣಿಗೆ ಹೋಗಬೇಕು. ತಡವಾದರೆ ಕೆಟ್ಟಿತು, ಏಕೆಂದರೆ ನಮ್ಮ ಓಣಿಯ ಗಿರಣಿಯವ ಹತ್ತರ ಮೇಲೆ ಅದೇ ಕಲ್ಲಿನಲ್ಲಿ ಮೆಣಸಿನಕಾಯಿ ಬೀಸುತ್ತಿದ್ದ.

ಒಂದು ಐತವಾರ ಗಗನನೌಕೆ ಧೂಮಕೇತುವಿನ ಬಾಲದಲ್ಲಿ ಸಿಕ್ಕಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಅವರನ್ನು ಬಿಟ್ಟು ಜೋಳ ಹೊತ್ತುಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ. ಅವರು ಪಾರಾದ ಮೇಲೆಯೇ ಎದ್ದೆ. ಗಿರಣಿಯಲ್ಲಿ ಮೆಣಸಿನಕಾಯಿಯ ನಂತರದ ಪಾಳಿ ಸಿಕ್ಕಿತು.

ಅವತ್ತು ಮಧ್ಯಾಹ್ನ ನನ್ನ ಹೆಂಡತಿಯ ಕಾಕಾ ಕಮಲಾಪುರದಿಂದ ಊಟಕ್ಕೆ ಬಂದಿದ್ದರು. ಮೊದಲ ತುತ್ತಿಗೇ ಅವರ ಕಣ್ಣಲ್ಲಿ ನೀರು ಬಂತು. ಮರ್ಯಾದಸ್ಥ ಮನುಷ್ಯ, ಸುಧಾರಿಸಿಕೊಂಡು ಹೇಳಿದರು: "ಪಲ್ಯಾ ಛಲೋ ಆಗ್ಯಾದವ್ವಾ. ಖಾರ ಒಂದು ಚೂರು ಕಮ್ಮಿ ಇರಬೇಕಾಗಿತ್ತು."

"ಕಾಕಾ, ನಾ ಇನ್ನಾ ಪಲ್ಯಾ ಬಡಿಸೇ ಇಲ್ಲ" ಅಂದಳು ಹೆಂಡತಿ.

ತನಿಖೆ ಅಲ್ಲೇ ನಡೆದು ಧಾರಾವಾಹಿ ಸಿಕ್ಕಿಬಿತ್ತು. "ಅದರಾಗ ಅಂಥಾದ್ದೇನದರೀ?" ಎಂದು ಕೇಳಿದಳು.

"ಬಾಯಿಲೆ ಹೇಳಾಕ ಬರಂಗಿಲ್ಲ, ನೋಡಬೇಕು" ಅಂದೆ.

ಮುಂದಿನ ವಾರ ನೋಡಿದಳು. ಗಗನನೌಕೆಯ ಬಾಗಿಲು ತೆರೆದದ್ದೇ ತಡ, ಕಂಬ ಹಿಡಿದುಕೊಂಡು ನಗತೊಡಗಿದಳು. ಬಾಗಿಲು ಅಲಮಾರಿಯದ್ದಾಗಿತ್ತು. ಹಿಡಿಕೆಯೂ ಹಾಗೇ ಇತ್ತು, ಕೀಲಿಯೂ ಅದರಲ್ಲೇ ತೂಗುತ್ತಿತ್ತು.

ನನಗೆ ನೋವಾಯಿತು. "ಬಯಲಾಟದಾಗ ರಾವಣನ ಕಿರೀಟ ರಟ್ಟಿಂದು ಅಂತ ಯಾರರ ನಗ್ತಾರೇನು?" ಎಂದು ವಾದ ಹೂಡಿದೆ.

"ರಾವಣನ ಗುರ್ತು ನಮಗ ಮೊದಲಿಂದ ಅದರೀ. ಇವ್ರು ಯಾರು?" ಅಂದಳು. ಆಮೇಲೆ ತೀರ್ಪು ಕೊಟ್ಟಳು. "ಒಂದು ಕೆಲಸ ಮಾಡ್ರಿ. ಸುರುದಿಂದ ಕಡೀತನಾ ನಗಲಾರ್ದೆ ಇದನ್ನ ನೋಡೋರು ಒಬ್ಬರನ್ನ ಹುಡುಕಿ ತರ್ರಿ. ಸಿಕ್ಕರ ಐತವಾರ ನಿಮ್ದು, ಜೋಳ ನಾ ಒಯ್ತೀನಿ. ಸಿಗಲಿಲ್ಲಂದ್ರ ಟಿವಿ ಬಂದ್, ಡಬ್ಬಿ ನಿಮ್ಮ ಹೆಗಲ ಮ್ಯಾಲೆ. ನೀವು ಲೆಕ್ಕಕ್ಕಿಲ್ಲ ಮತ್ತ. ನೀವು ಅದನ್ನ ನೋಡಿ ನಗೋರಲ್ಲ."

ಧಾರಾವಾಹಿ ಮುಗಿಯಲು ಇನ್ನೆರಡು ತಿಂಗಳಿತ್ತು. ಸುದ್ದಿ ಕೇಳಿದ ಕಾಕಾ ಅಲ್ಲಿಯವರೆಗಿನ ಹಿಟ್ಟನ್ನು ತಾವೇ ಊರಿನಿಂದ ಬೀಸಿಸಿ ಕಳಿಸುವುದಾಗಿ ಹೇಳಿದರು. ಪ್ರೀತಿಯೋ, ನಾಲಿಗೆಯ ಭಯವೋ ನಾನು ಕೇಳಲಿಲ್ಲ.

ತೇಲದ ಲೋಟ

ನಗದ ಮನುಷ್ಯ ಅಂದ ಕೂಡಲೇ ಕಣ್ಣ ಮುಂದೆ ಬಂದವರು ನಮ್ಮ ಹೆಡ್‌ಮಾಸ್ತರರು. ಅವರು ಹಲ್ಲಿನ ಸೆಟ್ಟು ಹಾಕಿಸಿಕೊಂಡು ಆರು ತಿಂಗಳಾದರೂ ಶಾಲೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ, ಅಂಥ ಮುಖ. ಕಲಬುರಗಿಗೆ ಕೆಲಸದ ಮೇಲೆ ಬಂದವರನ್ನು ಚಹಾಕ್ಕೆಂದು ಕರೆತಂದು ಟಿವಿಯ ಮುಂದೆ ಕೂಡಿಸಿದೆ.

ಇಪ್ಪತ್ತು ನಿಮಿಷ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅಲಮಾರಿಯ ಬಾಗಿಲು ತೆರೆಯಿತು, ಮುಚ್ಚಿತು, ಅವರು ಹಾಗೇ ಕೂತಿದ್ದರು. ಹೆಂಡತಿಗೆ ಸೋಲಿನ ಗಾಳಿ ಬಡಿದಂತೆ ಕಂಡಿತು. ನಾನು ಕಾಲ ಮೇಲೆ ಕಾಲು ಹಾಕಿದೆ.

ಅಷ್ಟರಲ್ಲಿ ನೌಕೆಯಲ್ಲಿ ತೂಕವಿಲ್ಲದ ಸ್ಥಿತಿ ಉಂಟಾಯಿತು. ನಾಲ್ವರೂ ಬಾವಿಯಲ್ಲಿ ಈಜುವವರಂತೆ ಕೈ ಬಡಿಯುತ್ತ ಒಂಟಿ ಕಾಲ ಮೇಲೆ ತೇಲತೊಡಗಿದರು. ಅವರ ನಡುವೆ ಮೇಜಿನ ಮೇಲೆ ಒಂದು ಸ್ಟೀಲಿನ ಲೋಟ ನೆಟ್ಟಗೆ ಕೂತಿತ್ತು.

ಹೆಡ್‌ಮಾಸ್ತರರು ಮುಂದಕ್ಕೆ ಬಾಗಿದರು. "ಮಾಸ್ತರ, ಇವ್ರು ತೇಲಾಕತ್ತಾರ. ಖರೆ. ಲೋಟ ಯಾಕ ಕುಂತದ?"

"ಅದಕ್ಕ ಅಯಸ್ಕಾಂತ ಇಟ್ಟಿರಬೇಕ್ರಿ ಸರ್" ಅಂದೆ.

"ಈ ಸ್ಟೀಲಿನ ಲೋಟ ಅಯಸ್ಕಾಂತಕ್ಕ ಹತ್ತಂಗಿಲ್ಲ ಅಂತ ಹೋದ ವಾರ ಒಂಬತ್ತನೇ ಕ್ಲಾಸಿನಾಗ ನೀವೇ ಕಲಿಸೀರಿ. ನಾ ಬಾಗಿಲಾಗ ನಿಂತು ಕೇಳೀನಿ."

ಅವರು ನನ್ನ ಮುಖ ನೋಡಿದರು, ಲೋಟ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಆಮೇಲೆ ಅವರ ಒಳಗಿನಿಂದ ಹಳೆಯ ಕೈಪಂಪಿನ ಸದ್ದಿನಂಥದ್ದೊಂದು ಎದ್ದು ಬಂತು. ನಗು ಎಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಹಲ್ಲಿನ ಸೆಟ್ಟು ಕೈಗೆ ಬಂತು. ಅದನ್ನು ಹಿಡಿದುಕೊಂಡೇ ನಕ್ಕರು.

ಮರುದಿನ ಶಾಲೆಯ ಪ್ರಾರ್ಥನೆಯ ನಡುವೆ ನನ್ನನ್ನು ಕಂಡು ಮತ್ತೆ ನಕ್ಕರು. ಪ್ರಾರ್ಥನೆ ನಿಂತಿತು. ಮನೆಯಲ್ಲಿ ಹೇಳಿದಾಗ ಹೆಂಡತಿ ನಿಟ್ಟುಸಿರು ಬಿಟ್ಟಳು. "ಗಂಭೀರ ಮನಿಷ್ಯಾ ಇದ್ರು ಪಾಪ. ನೀವು ಕೆಡಿಸಿದ್ರಿ."

ಕೆಂಪು ಗ್ರಹದ ಬಾಳೆ

ಎರಡನೆಯವರು ಕಾಕಾ. ಹಿಟ್ಟಿನ ಚೀಲ ತಂದವರು ತಾವಾಗಿಯೇ ಟಿವಿಯ ಮುಂದೆ ಕೂತರು. ಜೀವಮಾನವೆಲ್ಲ ಕಮಲಾಪುರದ ಕೆಂಪು ಬಾಳೆ ಬೆಳೆದವರು. ಟಿವಿ ಅವರಿಗೆ ಹೊಸದು, ಹಾಗಾಗಿ ನಗುವ ಧೈರ್ಯ ಇರಲಾರದು ಎಂಬುದು ನನ್ನ ಲೆಕ್ಕಾಚಾರ.

ಆ ವಾರ ನೌಕೆ ಮಂಗಳ ಗ್ರಹದ ಕಾಡಿನಲ್ಲಿ ಇಳಿದಿತ್ತು. ಕಾಡು ಅಂದರೆ ಮರಳಿನಲ್ಲಿ ನಿಲ್ಲಿಸಿದ ಎಂಟೊಂಬತ್ತು ಬಾಳೆಗಿಡ. ಕಾಕಾ ನಗಲಿಲ್ಲ. ಎದ್ದು ಟಿವಿಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಕೆಂಪಾಯಿತು.

"ಕಡದು ತಂದು ಉಸುಕಿನಾಗ ನಿಲ್ಲಿಸ್ಯಾರ. ಎಲಿ ಬಾಡ್ಯಾವ ನೋಡ್ರಿ. ಗೊನಿ ಹಾಕೋ ಗಿಡ ಕಡದಾರ ಮುಂಡೇವು" ಎಂದವರೇ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಹೋಗಿ ನಿಂತುಬಿಟ್ಟರು.

"ನಗಲಿಲ್ಲಲ್ಲಾ" ಎಂದು ನಾನು ಹೆಂಡತಿಗೆ ಹೇಳಿದೆ.

"ಕಡೀತನಾ ನೋಡ್ಲೂ ಇಲ್ಲ" ಅಂದಳು.

ಚಹಾ ಕುಡಿದ ಮೇಲೆ ಕಾಕಾನ ಸಿಟ್ಟು ಇಳಿಯಿತು. "ಅದ್ಯಾವ ಊರಂದ್ರಿ ಅಳಿಯಂದ್ರ?"

"ಮಂಗಳ ಗ್ರಹ ರೀ. ಕೆಂಪು ಗ್ರಹ ಅಂತಾರ ಅದಕ್ಕ."

"ಕೆಂಪು ಗ್ರಹಕ್ಕ ಹಸರು ಬಾಳಿ ಹಚ್ಯಾರ?"

"ನಮ್ಮ ಟಿವಿಯಾಗ ಬಣ್ಣ ಎಲ್ಲಿ ಕಾಣ್ತದ್ರಿ ಕಾಕಾ?"

"ಬಾಳಿ ಗುರ್ತು ಹಿಡ್ಯಾಕ ಬಣ್ಣ ಯಾಕ ಬೇಕು?" ಅಂದರು. ಆಮೇಲೆ ನಿಜವಾದ ಕಳಕಳಿಯಿಂದ, "ನಮ್ಮೂರಿಗೆ ಬಂದು ಒಂದು ಮಾತು ಕೇಳಿದ್ರ ಕೆಂಪು ಬಾಳಿ ಸಸಿ ಪುಕಟ ಕೊಡ್ತಿದ್ದೆ. ಮಂಗಳನ ಮರ್ಯಾದಿ ಉಳೀತಿತ್ತು" ಅಂದರು.

ಚಪ್ಪಲಿ ಹಾಕಿದ ಮಂಗ

ಇಲ್ಲಿಯವರೆಗಿನದು ನನ್ನ ಪೆದ್ದುತನ. ಇನ್ನು ಹೇಳುವುದು ನನ್ನ ಲಫಂಗತನ.

ಒಂದು ವಾರ ಗಾಳಿಗೆ ಅಂಟೆನಾ ತಿರುಗಿ ಪರದೆಯ ತುಂಬ ಚುಕ್ಕಿ ಸುರಿಯುತ್ತಿತ್ತು. ನೋಡುತ್ತ ನೋಡುತ್ತ ನನಗೆ ಜ್ಞಾನೋದಯವಾಯಿತು. ಚುಕ್ಕಿಯ ನಡುವೆ ನೌಕೆ ನಿಜವಾದ ನೌಕೆಯಂತೆಯೇ ಕಾಣುತ್ತಿತ್ತು. ಹಿಡಿಕೆ ಇಲ್ಲ, ಕೀಲಿ ಇಲ್ಲ, ಲೋಟವೂ ಇಲ್ಲ. ಚಿತ್ರ ಕೆಟ್ಟಷ್ಟೂ ಧಾರಾವಾಹಿ ಸುಧಾರಿಸುತ್ತಿತ್ತು.

ಎದುರು ಮನೆಯ ಚಾಚಾ ತಗಡಿನ ಕೆಲಸದವರು. ಕಪನೂರಿನ ಒಂದು ಕಾರಖಾನೆಯಲ್ಲಿ ಟ್ರಂಕು ಮಾಡುತ್ತಿದ್ದರು. ಮುಂದಿನ ಐತವಾರ ಅವರನ್ನು ಕರೆದೆ. ಅವರು ಬರುವ ಮೊದಲು ಮಾಳಿಗೆ ಹತ್ತಿ ಅಂಟೆನಾವನ್ನು ಒಂದು ಗೇಣು ತಿರುವಿ ಬಂದೆ.

ಚಾಚಾ ಹತ್ತು ನಿಮಿಷ ಉಸಿರು ಬಿಗಿಹಿಡಿದು ನೋಡಿದರು. "ಮಾಸ್ತರ್ ಸಾಬ್, ಏನ್ ಚೀಜ್ ಅದ ಇದು! ಖರೇನೇ ಆಸ್ಮಾನದಾಗ ಹೋದಂಗ ಅದ" ಅಂದರು. ನನ್ನ ಕಣ್ಣು ತುಂಬಿ ಬಂತು. ಮುಂದಿನ ಮಾತಿಗೆ ಬಂದ ನೀರು ಹಿಂದಕ್ಕೆ ಹೋಯಿತು: "ಇಷ್ಟು ಛಲೋ ಚೀಜ್ ಹಿಂಗ ಮಸುಕ ಮಸುಕ ನೋಡಬಾರ್ದು. ತಡೀರಿ, ಅಂಟೆನಾ ಸೀದಾ ಮಾಡಿ ಬರ್ತೀನಿ."

ನಾನು ಅವರ ಕೈ ಹಿಡಿದುಕೊಂಡೆ. ಬೇಡ ಅಂದೆ, ತ್ರಾಸು ತಗೋಬೇಡಿ ಅಂದೆ, ಏಣಿ ಗಟ್ಟಿಯಿಲ್ಲ ಅಂದೆ. ಚಾಚಾ ಇದನ್ನೆಲ್ಲ ಮರ್ಯಾದೆಯ ಮಾತು ಎಂದುಕೊಂಡು ಮೇಲೆ ಹತ್ತಿದರು. ಅವರು ಇಳಿದು ಬರುವಷ್ಟರಲ್ಲಿ ನಮ್ಮ ಟಿವಿಯಲ್ಲಿ ಕೊಂಡ ದಿನದಿಂದಲೂ ಕಾಣದಷ್ಟು ಸ್ವಚ್ಛ ಚಿತ್ರ ಬಂದಿತ್ತು, ಅದರ ನಟ್ಟನಡುವೆ ಯಂತ್ರಮಾನವ ನಿಂತಿದ್ದ.

ಚಾಚಾ ಒಂದು ಸಲ ನೋಡಿದರು. ಆಮೇಲೆ ನನ್ನ ತೊಡೆಗೆ ಹೊಡೆದು ಹೊಡೆದು ನಕ್ಕರು. "ಎದಿ ನೋಡ್ರಿ, ಎಣ್ಣಿ ಡಬ್ಬಾ. ಕಿವಿ ಅಂದ್ರ ಚಿಮಣಿಗೆ ಘಾಸಲೇಟ್ ಹಾಕೋ ಲಾಳಿಕಿ. ಕುತ್ತಿಗಿ ಬೆಸಗಿ ಯಾರೋ ಕಲಿಯೋರು ಹಚ್ಯಾರ. ಇಂವ ಜೋರಾಗಿ ಸೀನಿದ್ರ ತಲಿ ಬೀಳ್ತದ."

ಚಾಚಾ ಹೋದ ಮೇಲೆ ಹೆಂಡತಿ ತಣ್ಣಗೆ ಕೇಳಿದಳು. "ಅಂಟೆನಾ ಯಾರು ತಿರುವಿದ್ರು?"

"ಮಂಗ್ಯಾ ಬಂದಿತ್ತು" ಅಂದೆ.

"ಹೌದು, ನಾನೂ ನೋಡೀನಿ. ಚಪ್ಪಲ್ ಹಾಕ್ಕೊಂಡು ಏಣಿ ಹತ್ತಾಕತ್ತಿತ್ತು."

ಕಡೆಯ ಐತವಾರ

ಅಲ್ಲಿಂದ ಮುಂದೆ ಯಾರನ್ನೂ ಕರೆಯುವ ಅಗತ್ಯ ಬೀಳಲಿಲ್ಲ. ನಗಲಿಕ್ಕೆಂದೇ ಜನ ಬರತೊಡಗಿದರು. ಚಾಚಾ ಪ್ರತಿ ವಾರ ನನ್ನ ಪಕ್ಕದಲ್ಲಿ ಕೂತು ಯಾವುದು ಯಾವ ತಗಡು, ಎಲ್ಲಿ ಮೊಳೆ, ಎಲ್ಲಿ ಬೆಸುಗೆ ಎಂದು ತೋರಿಸುತ್ತಿದ್ದರು. ನಾನು ಹಿಂದಿ ಬಾರದವರಿಗೆ ಕಥೆ ಹೇಳುತ್ತಿದ್ದೆ. ಯಾಕೆ ಅಲೆಯುತ್ತಿದ್ದಾರೆ, ಯಾರಿಗೆ ಮನೆಯಲ್ಲಿ ಯಾರಿದ್ದಾರೆ, ಯಂತ್ರಮಾನವ ಯಾರನ್ನು ಹಚ್ಚಿಕೊಂಡಿದ್ದಾನೆ, ಎಲ್ಲ. ಆದರೂ ಪ್ರತಿ ವಾರ ಒಬ್ಬರಲ್ಲ ಒಬ್ಬರು ನಗುತ್ತಿದ್ದರು, ಉಳಿದವರಿಗೆ ಅದು ಅಂಟುತ್ತಿತ್ತು. ನಾನು ಸೋಲುತ್ತಲೇ ಇದ್ದೆ.

ಕಡೆಯ ಕಂತಿನ ದಿನ ಬಂತು. ಕಾಕಾನ ಹಿಟ್ಟೂ ಮುಗಿದಿತ್ತು. ಹೆಂಡತಿ ಜೋಳದ ಡಬ್ಬಿಯನ್ನು ಬಾಗಿಲ ಹತ್ತಿರ ತಂದಿಟ್ಟಿದ್ದಳು, ನನಗೆ ಕಾಣುವ ಹಾಗೆ. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಮಲಾಪುರದಿಂದ ಮೊದಲ ಬಸ್ಸಿಗೆ ಹೆಡ್‌ಮಾಸ್ತರರು ಮತ್ತು ಕಾಕಾ ಬಂದಿದ್ದರು. ಚಾಚಾ ಮುಂದಿದ್ದರು. ಹಿಂದೆ ಬಾಯಿಗೆ ಟವೆಲ್ಲು ಸುತ್ತಿದ ನೆರೆಗೂದಲಿನ ಹಿರಿಯರೊಬ್ಬರು ಗೋಡೆಗೆ ಆತು ನಿಂತಿದ್ದರು. ಯಾರದೋ ಮನೆಯ ಬೀಗರಿರಬೇಕೆಂದುಕೊಂಡೆ.

ನೌಕೆಯ ಶಕ್ತಿ ಮುಗಿದಿತ್ತು. ಭೂಮಿ ಕಿಟಕಿಯಲ್ಲಿ ಕಾಣುತ್ತಿತ್ತು, ತಲುಪಲು ಆಗುತ್ತಿರಲಿಲ್ಲ. ಯಂತ್ರಮಾನವ ತನ್ನ ಎದೆಯೊಳಗಿನ ಬ್ಯಾಟರಿ ತೆಗೆದುಕೊಟ್ಟರೆ ನಾಲ್ವರು ಮನೆ ಸೇರುತ್ತಾರೆ, ಅವನು ಆರಿಹೋಗುತ್ತಾನೆ. ಅವನು ಯಾರನ್ನೂ ಕೇಳಲಿಲ್ಲ. ಮೆಲ್ಲಗೆ ಎದೆಯ ಬಾಗಿಲು ತೆರೆದ.

ಬಾಗಿಲ ಒಳಮೈಯಲ್ಲಿ, ತಲೆಕೆಳಗಾಗಿ, ಎಣ್ಣೆ ಡಬ್ಬಿಯ ಸೂರ್ಯಕಾಂತಿ ಹೂವು ಕಾಣಿಸಿತು.

ಎರಡು ತಿಂಗಳ ಹಿಂದಾಗಿದ್ದರೆ ನನಗದು ಕಾಣುತ್ತಲೇ ಇರಲಿಲ್ಲ. ಈಗ ಚಾಚಾನ ಶಿಷ್ಯ. ಹೊಟ್ಟೆಯಿಂದ ಎದ್ದ ನಗುವನ್ನು ಹಲ್ಲು ಕಚ್ಚಿ ತಡೆದೆ, ಮೂಗಿನಿಂದ ಹೊರಬಂತು. ಆಮೇಲೆ ಬಾಯಿ ತೆರೆದೇ ನಕ್ಕೆ. ಎಲ್ಲರೂ ಜೊತೆಗೂಡುತ್ತಾರೆ ಎಂದುಕೊಂಡು ಸುತ್ತ ನೋಡಿದೆ.

ಒಬ್ಬರೂ ನಗುತ್ತಿರಲಿಲ್ಲ. ಹೆಡ್‌ಮಾಸ್ತರರು ಕನ್ನಡಕ ಒರೆಸುತ್ತಿದ್ದರು. ಕಾಕಾ ಕೈ ಮುಗಿದಿದ್ದರು. ಹೆಂಡತಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದಳು.

"ಚುಪ್ ಕೂಡ್ರಿ ಮಾಸ್ತರ್ ಸಾಬ್. ಅವನ ಜಾನ್ ಹೋಗಾಕತ್ತದ" ಅಂದರು ಚಾಚಾ.

"ಚಾಚಾ, ಎಣ್ಣಿ ಡಬ್ಬಾ…" ಎಂದು ಬೆರಳು ತೋರಿಸಿದೆ.

ಹೆಂಡತಿ ತಿರುಗಿದಳು. "ಬಯಲಾಟದಾಗ ಕಿರೀಟ ರಟ್ಟಿಂದು ಅಂತ ಯಾರರ ನಗ್ತಾರೇನ್ರೀ? ಏಳ್ರಿ. ಜೋಳ ಒಯ್ರಿ."

"ನಾ ಗೆದ್ದೀನಲ್ಲಾ. ಇಷ್ಟು ಮಂದಿ ನಗಲಾರ್ದೆ ನೋಡಾಕತ್ತಾರ."

"ಗೆದ್ದೀರಿ. ನಗಾಕತ್ತೋರು ನೀವೊಬ್ಬರೇ. ಏಳ್ರಿ."

ಡಬ್ಬಿ ಹೊತ್ತು ಹೊರಟೆ. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಗಿರಣಿಗೆ ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಡಬ್ಬಿ ಇಟ್ಟು ಪಕ್ಕದಲ್ಲಿ ನಾನೂ ಕೂತೆ. ಎರಡು ತಿಂಗಳು ನಾನು ಅವರಿಗೆ ಆಕಾಶ ತೋರಿಸಿದ್ದೆ, ಅವರು ನನಗೆ ತಗಡು ತೋರಿಸಿದ್ದರು. ಎರಡೂ ಕಡೆಯವರು ಪಾಠ ಕಲಿತುಬಿಟ್ಟಿದ್ದೆವು. ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಮೊದಲ ಕಂತಿನಿಂದ ಒಂದೂ ಬಿಡದೆ ನೋಡಿದ ಮನುಷ್ಯ ಇಡೀ ಓಣಿಯಲ್ಲಿ ನಾನೊಬ್ಬನೇ, ಅದರ ಕೊನೆ ಗೊತ್ತಿಲ್ಲದವನೂ ನಾನೊಬ್ಬನೇ.

ಹತ್ತು ನಿಮಿಷದ ಮೇಲೆ ನಮ್ಮ ಮನೆಯ ಕಡೆಯಿಂದ ಆ ನೆರೆಗೂದಲಿನ ಹಿರಿಯರು ಬಂದರು. ಬಾಯಿಗೆ ಸುತ್ತಿದ ಟವೆಲ್ಲು ಬಿಚ್ಚಿ ತಲೆ ಕೊಡವಿದರು. ನೆರೆ ಉದುರಿತು. ನಮ್ಮ ಗಿರಣಿಯವ! ಕೆನ್ನೆಯ ಮೇಲಿನ ಹಿಟ್ಟು ಕಣ್ಣೀರಿಗೆ ಕಲೆತು ಕಣಕವಾಗಿತ್ತು.

"ಏನಾಯ್ತಪ್ಪಾ ಕಡೀಗೆ? ಅಂವ ಉಳದನೇನು?" ಎಂದು ಕೇಳಿದೆ.

ಅವನು ಮೂಗು ಒರೆಸಿಕೊಂಡು ಬೀಗಕ್ಕೆ ಕೀಲಿ ಹಾಕಿದ.

"ಬಾಯಿಲೆ ಹೇಳಾಕ ಬರಂಗಿಲ್ರೀ ಸರ್. ನೋಡಬೇಕಾಗಿತ್ತು."